ಕೂದಲು ಉದುರುತ್ತಿದೆಯೇ? ಈರುಳ್ಳಿ ರಸ ಹಚ್ಚುವ ಮೊದಲು ಕ್ಯಾಲೆಂಡರ್ ನೋಡಿ

"ಈರುಳ್ಳಿ ರಸ ಹಚ್ಚಿ, ಬೋಳುತಲೆಯಲ್ಲೂ ಕೂದಲು ಬರುತ್ತೆ." "ಎರಡೂ ಕೈಯ ಉಗುರುಗಳನ್ನು ದಿನಾ ಉಜ್ಜಿ, ಬಿಳಿ ಕೂದಲು ಕಪ್ಪಾಗುತ್ತೆ." "ಶಾಂಪೂ ಬಿಡಿ, ಕೂದಲು ಉದುರೋದು ತಾನಾಗೇ ನಿಲ್ಲುತ್ತೆ." ಇಂಥ ಸಂದೇಶ ಒಂದಾದರೂ ನಿಮ್ಮ ಫ್ಯಾಮಿಲಿ ಗ್ರೂಪ್‌ಗೆ ಬಂದಿರುತ್ತದೆ. ಕಳಿಸಿದವರನ್ನು ಕೇಳಿದರೆ, "ನಾನೇ ಮಾಡಿ ನೋಡಿದ್ದೇನೆ, ಎರಡು ತಿಂಗಳಲ್ಲಿ ಉದುರುವುದು ನಿಂತಿತು" ಎನ್ನುತ್ತಾರೆ.

ಅವರು ಸುಳ್ಳು ಹೇಳುತ್ತಿಲ್ಲ. ಉದುರುವುದು ನಿಜವಾಗಿಯೂ ನಿಂತಿರಬಹುದು. ಆದರೆ ಅದು ಈರುಳ್ಳಿಯಿಂದಲೇ ನಿಂತಿತೇ? ಉತ್ತರ ಸಿಗುವುದು ಕೂದಲು ಬೆಳೆಯುವ ಮತ್ತು ಉದುರುವ ಕಾಲದ ಲೆಕ್ಕದಲ್ಲಿ. ಈ ಲೆಕ್ಕ ತಿಳಿದರೆ ಅರ್ಧದಷ್ಟು ಫಾರ್ವರ್ಡ್‌ಗಳು ಏಕೆ ನಿಜವೆನಿಸುತ್ತವೆ ಎಂಬುದು ಅರ್ಥವಾಗುತ್ತದೆ. ಯಾವ ಸಮಸ್ಯೆಗೆ ಕಾಯಬಹುದು, ಯಾವುದಕ್ಕೆ ಕಾಯಲೇಬಾರದು ಎಂಬುದೂ ತಿಳಿಯುತ್ತದೆ.

ಮೊದಲು ಕೂದಲಿನ ಲೆಕ್ಕ

ನಮ್ಮ ತಲೆಯಲ್ಲಿ ಸುಮಾರು 1 ಲಕ್ಷ ಕೂದಲುಗಳಿರುತ್ತವೆ. ಪ್ರತಿಯೊಂದೂ ನೆತ್ತಿಯ ಚರ್ಮದೊಳಗಿನ ಫಾಲಿಕಲ್ ಎಂಬ ಪುಟ್ಟ ಚೀಲದಿಂದ ಹುಟ್ಟುತ್ತದೆ. ಜೀವ ಇರುವುದು ಈ ಬುಡದಲ್ಲಿ ಮಾತ್ರ. ಚರ್ಮದಿಂದ ಹೊರಗೆ ಬಂದ ಕೂದಲು ಕೆರಾಟಿನ್ ಎಂಬ ಪ್ರೋಟೀನ್‌ನ ಎಳೆ. ಅದಕ್ಕೆ ನರವಿಲ್ಲ, ರಕ್ತವಿಲ್ಲ. ಕತ್ತರಿಸಿದರೆ ನೋವಾಗದಿರುವುದು ಅದಕ್ಕೇ.

ಪ್ರತಿ ಕೂದಲಿಗೂ ಮೂರು ಹಂತಗಳಿವೆ. ಬೆಳೆಯುವ ಹಂತ 2ರಿಂದ 6 ವರ್ಷ ನಡೆಯುತ್ತದೆ. ಈ ಅವಧಿಯಲ್ಲಿ ಕೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಉದ್ದವಾಗುತ್ತದೆ. ಆಮೇಲೆ ಎರಡು ಮೂರು ವಾರ ಬೆಳವಣಿಗೆ ನಿಲ್ಲುವ ಹಂತ. ನಂತರ ಸುಮಾರು ಮೂರು ತಿಂಗಳ ವಿಶ್ರಾಂತಿ. ವಿಶ್ರಾಂತಿ ಮುಗಿದ ಮೇಲೆ ಹಳೆಯ ಕೂದಲು ಉದುರಿ, ಅದೇ ಬುಡದಿಂದ ಹೊಸದು ಹೊರಡುತ್ತದೆ.

ಆರೋಗ್ಯವಂತರ ತಲೆಯಲ್ಲಿ ಹತ್ತರಲ್ಲಿ ಸುಮಾರು ಒಂಬತ್ತು ಕೂದಲು ಬೆಳೆಯುತ್ತಿರುತ್ತವೆ, ಉಳಿದವು ವಿಶ್ರಾಂತಿಯಲ್ಲಿರುತ್ತವೆ. ಆದ್ದರಿಂದ ದಿನಕ್ಕೆ 50ರಿಂದ 100 ಕೂದಲು ಉದುರುವುದು ಸಹಜ. ಎರಡು ಮೂರು ದಿನಕ್ಕೊಮ್ಮೆ ತಲೆಗೆ ಸ್ನಾನ ಮಾಡುವವರಿಗೆ ಅಷ್ಟೂ ದಿನದ ಕೂದಲು ಒಮ್ಮೆಲೇ ಬಚ್ಚಲಲ್ಲಿ ಕಾಣುತ್ತದೆ. ಅದನ್ನು ಕಂಡು ಗಾಬರಿಯಾಗುವುದು ಬೇಡ.

ಈಗ ಉದುರುತ್ತಿದ್ದರೆ ಕಾರಣ ಮೂರು ತಿಂಗಳ ಹಿಂದೆ ಇರಬಹುದು

ದೇಹಕ್ಕೆ ದೊಡ್ಡ ಪೆಟ್ಟು ಬಿದ್ದಾಗ ಬೆಳೆಯುತ್ತಿದ್ದ ಬಹಳಷ್ಟು ಕೂದಲುಗಳು ಒಟ್ಟಿಗೆ ವಿಶ್ರಾಂತಿಗೆ ಹೋಗುತ್ತವೆ. ಡೆಂಗಿ, ಟೈಫಾಯ್ಡ್, ಕೋವಿಡ್‌ನಂಥ ಜ್ವರ, ಹೆರಿಗೆ, ಶಸ್ತ್ರಚಿಕಿತ್ಸೆ, ಊಟ ಬಿಟ್ಟು ಮಾಡಿದ ಡಯಟ್, ದೊಡ್ಡ ಮಾನಸಿಕ ಆಘಾತ, ಇವೆಲ್ಲ ಅಂಥ ಪೆಟ್ಟುಗಳೇ. ಆ ಕೂದಲು ಆಗಲೇ ಉದುರುವುದಿಲ್ಲ. ಎರಡು ಮೂರು ತಿಂಗಳು ಕಳೆದ ಮೇಲೆ, ಜ್ವರ ಮರೆತೇ ಹೋದ ಹೊತ್ತಿಗೆ, ಬಾಚಣಿಗೆ ತುಂಬ ಬರತೊಡಗುತ್ತದೆ. ವೈದ್ಯರು ಇದನ್ನು ಟೆಲೋಜೆನ್ ಎಫ್ಲುವಿಯಂ ಎನ್ನುತ್ತಾರೆ.

ಬಾಣಂತಿಯರಲ್ಲಿ ಆಗುವುದೂ ಇದೇ. ಬಸಿರಿನಲ್ಲಿ ಹಾರ್ಮೋನುಗಳ ಪ್ರಭಾವದಿಂದ ಉದುರದೆ ಉಳಿದಿದ್ದ ಕೂದಲುಗಳು ಹೆರಿಗೆಯಾದ ಎರಡು ಮೂರು ತಿಂಗಳಿಗೆ ಒಟ್ಟಿಗೆ ಉದುರುತ್ತವೆ. "ಮಗು ಅಮ್ಮನ ಮುಖ ಗುರುತು ಹಿಡಿದು ನಗಲು ಶುರುಮಾಡಿದರೆ ಅಮ್ಮನ ಕೂದಲು ಉದುರುತ್ತದೆ" ಎನ್ನುವವರಿದ್ದಾರೆ. ಮಗು ನಗಲು ಕಲಿಯುವುದೂ ಹೆಚ್ಚುಕಡಿಮೆ ಅದೇ ಸಮಯಕ್ಕೆ. ಎರಡೂ ಒಟ್ಟಿಗೆ ನಡೆದವು ಎಂಬುದು ನಿಜ, ಒಂದು ಇನ್ನೊಂದಕ್ಕೆ ಕಾರಣ ಎಂಬುದು ತಪ್ಪು.

ಮೂಲ ಕಾರಣ ಹೋಗಿದ್ದರೆ ಈ ಬಗೆಯ ಉದುರುವಿಕೆ ಸಾಮಾನ್ಯವಾಗಿ ಆರು ತಿಂಗಳೊಳಗೆ ತಾನಾಗಿ ನಿಂತು, ಕೂದಲು ಮತ್ತೆ ಬೆಳೆಯುತ್ತದೆ. ಮನೆಮದ್ದಿಗೆ ಹೆಸರು ಬರುವುದು ಇಲ್ಲಿಯೇ. ಮಾರ್ಚ್‌ನಲ್ಲಿ ಜ್ವರ ಬಂತು, ಜೂನ್‌ನಲ್ಲಿ ಕೂದಲು ಉದುರಿತು, ಜುಲೈನಲ್ಲಿ ಈರುಳ್ಳಿ ರಸ ಹಚ್ಚಿದರು, ಸೆಪ್ಟೆಂಬರ್‌ನಲ್ಲಿ ಉದುರುವುದು ನಿಂತಿತು ಅಂದುಕೊಳ್ಳಿ. ಏನೂ ಹಚ್ಚದಿದ್ದರೂ ಸೆಪ್ಟೆಂಬರ್‌ಗೆ ನಿಲ್ಲುತ್ತಿತ್ತು. ಜುಲೈನಲ್ಲಿ ಏನು ಹಚ್ಚಿದ್ದರೋ ಅದಕ್ಕೆ ಹೆಸರು ಬಂತು. 2,000 ರೂಪಾಯಿಯ ಸೀರಮ್ ಕೊಂಡಿದ್ದರೆ ಆ ಸೀರಮ್ಮಿನ ವಿಡಿಯೊ ಹರಿದಾಡುತ್ತಿತ್ತು.

ಹಾಗಾಗಿ ಕೂದಲು ಉದುರತೊಡಗಿದರೆ ಮೊದಲು ಕ್ಯಾಲೆಂಡರ್ ತಿರುಗಿಸಿ. ಎರಡರಿಂದ ನಾಲ್ಕು ತಿಂಗಳ ಹಿಂದೆ ಏನಾಗಿತ್ತು ಎಂದು ನೆನಪಿಸಿಕೊಳ್ಳಿ.

ಈರುಳ್ಳಿ ರಸಕ್ಕೆ ಸಂಶೋಧನೆಯ ಆಧಾರವಿದೆಯಂತೆ?

ಇದೆ, ಆದರೆ ಫಾರ್ವರ್ಡ್‌ನಲ್ಲಿ ಹೇಳುವ ಸಮಸ್ಯೆಗಲ್ಲ. 2002ರಲ್ಲಿ ಇರಾಕಿನ ಬಾಗ್ದಾದ್‌ನ ವೈದ್ಯರು ಒಂದು ಚಿಕ್ಕ ಅಧ್ಯಯನ ಪ್ರಕಟಿಸಿದರು. 23 ಮಂದಿಗೆ ಈರುಳ್ಳಿ ರಸ, 15 ಮಂದಿಗೆ ಬರೀ ನಲ್ಲಿ ನೀರು ಹಚ್ಚಿಸಿದರು. ಆರು ವಾರಗಳಾಗುವಾಗ ರಸ ಹಚ್ಚಿದವರಲ್ಲಿ 20 ಮಂದಿಗೆ ಕೂದಲು ಬಂದಿತ್ತು, ನೀರು ಹಚ್ಚಿದವರಲ್ಲಿ ಎಂಟು ವಾರಗಳಾದರೂ 2 ಮಂದಿಗೆ ಮಾತ್ರ ಬಂದಿತ್ತು.

ಆದರೆ ಅವರೆಲ್ಲರಿಗೂ ಇದ್ದದ್ದು ಅಲೋಪೀಷಿಯಾ ಏರಿಯೇಟಾ. ಅಂದರೆ ದೇಹದ ರಕ್ಷಣಾ ವ್ಯವಸ್ಥೆಯೇ ಕೂದಲ ಬುಡದ ಮೇಲೆ ದಾಳಿ ಮಾಡಿ, ನಾಣ್ಯದಷ್ಟು ಜಾಗದಲ್ಲಿ ಕೂದಲು ಪೂರ್ತಿ ಉದುರುವ ರೋಗ. ಇದರಲ್ಲಿ ಅನೇಕರಿಗೆ ತಾನಾಗಿಯೇ ಕೂದಲು ಮರಳುವುದೂ ಉಂಟು. ಜ್ವರದ ನಂತರ ಉದುರುವುದಕ್ಕೋ ವಂಶದಿಂದ ಬಂದ ಬೋಳುತನಕ್ಕೋ ಈ ಅಧ್ಯಯನ ಅನ್ವಯಿಸುವುದಿಲ್ಲ. 38 ಮಂದಿಯ ಒಂದೇ ಅಧ್ಯಯನವನ್ನು ನಂಬಿ ಎಲ್ಲರಿಗೂ ಮದ್ದು ಎನ್ನಲೂ ಆಗುವುದಿಲ್ಲ. ಮೇಲಾಗಿ ಹಸಿ ಈರುಳ್ಳಿ ರಸ ಕೆಲವರ ಚರ್ಮಕ್ಕೆ ಉರಿ, ತುರಿಕೆ ತರುತ್ತದೆ.

ಹಾಗಾದರೆ ಎಣ್ಣೆ ಹಚ್ಚುವುದು ದಂಡವೇ?

ಇಲ್ಲ. ಎಣ್ಣೆಯಿಂದ ಉಪಯೋಗವಿದೆ, ಆದರೆ ಅದು ಹೊರಗೆ ಕಾಣುವ ಎಳೆಗೆ. ತೆಂಗಿನೆಣ್ಣೆಯಲ್ಲಿ ಹೆಚ್ಚಾಗಿರುವ ಲಾರಿಕ್ ಆಮ್ಲ ಕೂದಲಿನ ಎಳೆಯೊಳಗೆ ಇಳಿಯಬಲ್ಲದು. ತೊಳೆಯುವಾಗ, ಬಾಚುವಾಗ ಆಗುವ ಪ್ರೋಟೀನ್ ನಷ್ಟವನ್ನು ಅದು ತಗ್ಗಿಸುತ್ತದೆ ಎಂದು 2003ರಲ್ಲಿ ಪ್ರಕಟವಾದ ಪ್ರಯೋಗ ತೋರಿಸಿತು. ಹೋಲಿಕೆಗೆ ಬಳಸಿದ್ದ ಸೂರ್ಯಕಾಂತಿ ಎಣ್ಣೆ, ಮಿನರಲ್ ಆಯಿಲ್‌ಗಳಿಂದ ಈ ಲಾಭ ಸಿಗಲಿಲ್ಲ. ಆ ಪ್ರಯೋಗ ನಡೆಸಿದವರು ತೆಂಗಿನೆಣ್ಣೆ ಮಾರುವ ಕಂಪನಿಯ ವಿಜ್ಞಾನಿಗಳು ಎಂಬುದು ನೆನಪಿರಲಿ.

ತಲೆಗೆ ಸ್ನಾನ ಮಾಡುವ ಮೊದಲು ಎಣ್ಣೆ ಹಚ್ಚುವ ನಮ್ಮ ಅಭ್ಯಾಸ ಒಳ್ಳೆಯದೇ. ಕೂದಲು ಒರಟಾಗುವುದು, ತುಂಡಾಗುವುದು ಕಡಿಮೆಯಾಗುತ್ತದೆ. ಆದರೆ ಎಣ್ಣೆ ಬುಡಕ್ಕೆ ಗೊಬ್ಬರವಲ್ಲ. ಬುಡಕ್ಕೆ ಆಹಾರ ಸಿಗುವುದು ರಕ್ತದಿಂದ. ಕರಿಬೇವು, ಮೆಂತ್ಯ, ಗರುಗದ ಸೊಪ್ಪು ಹಾಕಿ ಕಾಯಿಸಿದ ಎಣ್ಣೆ ಬೋಳಾದ ಜಾಗದಲ್ಲಿ ಕೂದಲು ಬೆಳೆಸುತ್ತದೆ ಎನ್ನಲು ಗಟ್ಟಿ ಪುರಾವೆ ಇಲ್ಲ.

ಹರಳೆಣ್ಣೆಯ ಬಗ್ಗೆ ಸ್ವಲ್ಪ ಎಚ್ಚರ ಇರಲಿ. ಅದು ತುಂಬ ಅಂಟು. ಉದ್ದ ಕೂದಲಿಗೆ ಹಚ್ಚಿ ತೊಳೆದಾಗ ಕೂದಲೆಲ್ಲ ಬಿಡಿಸಲಾಗದಂತೆ ಗಂಟುಕಟ್ಟಿ, ಕೊನೆಗೆ ಕತ್ತರಿಸಬೇಕಾಗಿ ಬಂದದ್ದು ವೈದ್ಯಕೀಯ ಪತ್ರಿಕೆಯಲ್ಲಿ ದಾಖಲಾಗಿದೆ.

ಶಾಂಪೂ, ಸೀಗೆಕಾಯಿ, ತಲೆಹೊಟ್ಟು

ಶಾಂಪೂ ಹಾಕಿದಾಗ ಬರುವ ಕೂದಲು ಆಗಲೇ ಬುಡ ಬಿಟ್ಟಿರುವ ಕೂದಲು. ಇವತ್ತು ತೊಳೆಯದಿದ್ದರೆ ನಾಳೆ ಬಾಚಣಿಗೆಯಲ್ಲಿ ಬರುತ್ತದೆ. ಸೀಗೆಕಾಯಿ ಮತ್ತು ಅಂಟುವಾಳದಲ್ಲಿ ಸಪೋನಿನ್ ಎಂಬ ನೈಸರ್ಗಿಕ ನೊರೆಯ ಅಂಶವಿದೆ, ಅವೂ ಕೊಳೆ ತೆಗೆಯುತ್ತವೆ. ನಿಮಗೆ ಯಾವುದು ಹೊಂದುತ್ತದೋ ಅದನ್ನು ಬಳಸಿ. ಕೂದಲು ಉದುರುವುದಕ್ಕೂ ಈ ಆಯ್ಕೆಗೂ ನಂಟು ಕಡಿಮೆ.

ತಲೆಹೊಟ್ಟಿನ ವಿಷಯ ಬೇರೆ. ಎಲ್ಲರ ನೆತ್ತಿಯ ಮೇಲೂ ಇರುವ ಮಲಸ್ಸೇಜಿಯಾ ಎಂಬ ಶಿಲೀಂಧ್ರ ಚರ್ಮದ ಜಿಡ್ಡನ್ನು ತಿಂದು ಬದುಕುತ್ತದೆ. ಕೆಲವರ ಚರ್ಮ ಅದಕ್ಕೆ ಕೆರಳಿ ಹೊಟ್ಟು ಏಳುತ್ತದೆ. "ನೆತ್ತಿ ಒಣಗಿದೆ, ಎಣ್ಣೆ ಸುರಿ" ಎಂಬ ಸಲಹೆ ಇಲ್ಲಿ ತಿರುಗುಬಾಣವಾಗಬಹುದು. ಕೀಟೊಕೊನಜೋಲ್ ಅಥವಾ ಜಿಂಕ್ ಪೈರಿಥಿಯೋನ್ ಇರುವ ಶಾಂಪೂ ಹಚ್ಚಿ, ಮೂರರಿಂದ ಐದು ನಿಮಿಷ ಬಿಟ್ಟು ತೊಳೆಯಬೇಕು. ಹಚ್ಚಿದ ತಕ್ಷಣ ತೊಳೆದರೆ ಔಷಧಕ್ಕೆ ಕೆಲಸ ಮಾಡಲು ಸಮಯ ಸಿಗುವುದಿಲ್ಲ.

ಬೆಂಗಳೂರಿಗೆ ಬಂದ ಮೇಲೆ ಕೂದಲು ಹೋಯಿತು, ಬೋರ್‌ವೆಲ್ ನೀರೇ ಕಾರಣವೇ?

ಪಿಜಿ, ಹಾಸ್ಟೆಲ್‌ಗಳಲ್ಲಿರುವವರ ದೊಡ್ಡ ದೂರು ಇದು. ಗಡಸು ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಷಿಯಂ ಲವಣಗಳು ಹೆಚ್ಚಿರುತ್ತವೆ. ಅವು ಕೂದಲ ಮೇಲೆ ಕೂತು ಒರಟಾಗಿಸುತ್ತವೆ, ಶಾಂಪೂ ನೊರೆ ಬರುವುದಿಲ್ಲ. ಕೂದಲಿನ ಬಲ ಕುಗ್ಗುತ್ತದೆಯೇ ಎಂಬ ಬಗ್ಗೆ ನಡೆದ ಚಿಕ್ಕ ಅಧ್ಯಯನಗಳ ಫಲಿತಾಂಶ ಒಂದೇ ರೀತಿ ಇಲ್ಲ. ಬುಡದಿಂದಲೇ ಉದುರಿಸುತ್ತದೆ ಎನ್ನಲು ಪುರಾವೆ ಸಿಕ್ಕಿಲ್ಲ.

ನೀವೇ ಪರೀಕ್ಷಿಸಬಹುದು. ಬಿದ್ದ ಕೂದಲಿನ ಎರಡೂ ತುದಿ ನೋಡಿ. ಒಂದು ತುದಿಯಲ್ಲಿ ಬಿಳಿಯ ಪುಟ್ಟ ಗುಂಡು ಇದ್ದರೆ ಅದು ಬುಡದಿಂದ ಉದುರಿದ ಕೂದಲು, ಕಾರಣ ದೇಹದೊಳಗೆ ಇರುವ ಸಾಧ್ಯತೆ ಹೆಚ್ಚು. ಗುಂಡಿಲ್ಲದ ಗಿಡ್ಡ ತುಂಡುಗಳೇ ಹೆಚ್ಚಿದ್ದರೆ ಕೂದಲು ಮುರಿಯುತ್ತಿದೆ. ಅದಕ್ಕೆ ನೀರು, ಬಿಸಿ, ಬಣ್ಣ, ಒದ್ದೆಯಲ್ಲೇ ಬಾಚುವುದು ಕಾರಣವಿರಬಹುದು. ಹೊಸ ಊರಿಗೆ ಬಂದವರಿಗೆ ಊಟ, ನಿದ್ದೆ, ಒತ್ತಡ ಎಲ್ಲವೂ ಒಟ್ಟಿಗೆ ಬದಲಾಗಿರುತ್ತದೆ ಎಂಬುದನ್ನೂ ಮರೆಯಬೇಡಿ.

ನೀರಿನ ಮೇಲೆ ಬೇಗ ಅನುಮಾನ ಬರುತ್ತದೆ ಎಂಬುದಕ್ಕೆ ಇತ್ತೀಚಿನ ಉದಾಹರಣೆ ಮಹಾರಾಷ್ಟ್ರದ ಬುಲ್ಢಾಣಾ ಜಿಲ್ಲೆಯದು. 2025ರ ಜನವರಿಯಲ್ಲಿ ಶೇಗಾಂವ್ ತಾಲ್ಲೂಕಿನ ಹಳ್ಳಿಗಳಲ್ಲಿ ಕೆಲವೇ ದಿನಗಳಲ್ಲಿ ಜನರ ತಲೆ ಬೋಳಾಗತೊಡಗಿದಾಗ ಮೊದಲು ಬೆರಳು ತೋರಿಸಿದ್ದು ನೀರಿನತ್ತ. ನಂತರ ವೈದ್ಯ ಹಿಮ್ಮತರಾವ್ ಬಾವಸ್ಕರ್ ಅವರು ಬಾಧಿತರ ದೇಹದಲ್ಲಿ ಸೆಲೆನಿಯಂ ಅಂಶ ವಿಪರೀತ ಹೆಚ್ಚಿರುವುದನ್ನು ಕಂಡು, ಪಡಿತರದ ಗೋಧಿಯನ್ನು ಪರೀಕ್ಷಿಸಿ, ಅದೇ ಮೂಲ ಎಂದರು. ಸೆಲೆನಿಯಂ ಅತಿಯಾದರೆ ಕೂದಲು ಉದುರುತ್ತದೆ ಎಂಬುದು ವೈದ್ಯಕೀಯಕ್ಕೆ ಮೊದಲೇ ಗೊತ್ತಿದ್ದ ಸಂಗತಿ. ರಕ್ತ ಪರೀಕ್ಷೆ ಮಾಡದೆ ನೀರನ್ನು ಮಾತ್ರ ಬೈದಿದ್ದರೆ ಇದು ಗೊತ್ತಾಗುತ್ತಿರಲಿಲ್ಲ.

ತಲೆ ಬೋಳಿಸಿದರೆ ದಟ್ಟವಾಗಿ ಬರುತ್ತದೆಯೇ? ತುದಿ ಕತ್ತರಿಸಿದರೆ ಬೇಗ ಬೆಳೆಯುತ್ತದೆಯೇ?

ಎರಡೂ ಇಲ್ಲ. ಕತ್ತರಿ, ರೇಜರ್ ಮುಟ್ಟುವುದು ಜೀವವಿಲ್ಲದ ಎಳೆಯನ್ನು, ಬುಡಕ್ಕೆ ಅದು ಗೊತ್ತಾಗುವುದೇ ಇಲ್ಲ. ಅಮೆರಿಕದ ಅಂಗರಚನಾ ವಿಜ್ಞಾನಿ ಮಿಲ್ಡ್ರೆಡ್ ಟ್ರಾಟರ್ 1928ರಲ್ಲೇ ಪುರುಷರ ಗಡ್ಡದ ಕೂದಲನ್ನು ಅಳೆದು ನೋಡಿ, ಬೋಳಿಸುವುದರಿಂದ ಕೂದಲಿನ ದಪ್ಪ, ಬಣ್ಣ, ಬೆಳೆಯುವ ವೇಗ ಬದಲಾಗುವುದಿಲ್ಲ ಎಂದು ಪ್ರಕಟಿಸಿದ್ದರು. ಬೋಳಿಸಿದ ಮೇಲೆ ಬರುವ ಕೂದಲಿನ ತುದಿ ಮೊಂಡಾಗಿರುತ್ತದೆ, ಅದಕ್ಕೇ ಮುಟ್ಟಿದರೆ ದಪ್ಪ ಅನಿಸುತ್ತದೆ.

ಮಗುವಿಗೆ ಜವಳ ತೆಗೆಸಿದ ಮೇಲೆ ಒಳ್ಳೆಯ ಕೂದಲು ಬಂದಂತೆ ಕಾಣುವುದಕ್ಕೆ ವಯಸ್ಸು ಕಾರಣ. ಹುಟ್ಟುಗೂದಲು ತೆಳು, ದೊಡ್ಡದಾಗುತ್ತಾ ಅದರ ಜಾಗಕ್ಕೆ ದಪ್ಪ ಕೂದಲು ಬರುತ್ತದೆ. ಹರಕೆಗೆ, ಸಂಪ್ರದಾಯಕ್ಕೆ ತೆಗೆಸುವುದು ನಿಮ್ಮ ನಂಬಿಕೆ. ಕೂದಲು ದಟ್ಟವಾಗಲಿ ಎಂದು ಮತ್ತೆ ಮತ್ತೆ ಬೋಳಿಸುವ ಅಗತ್ಯವಿಲ್ಲ. ತುದಿ ಕತ್ತರಿಸುವುದರಿಂದ ಸೀಳಿದ ಭಾಗ ಹೋಗಿ ಕೂದಲು ಅಚ್ಚುಕಟ್ಟಾಗಿ ಕಾಣುತ್ತದೆ, ಲಾಭ ಅಷ್ಟೇ.

ಗುಂಗುರು ಕೂದಲು ರೋಗವೇ? ಸ್ಟ್ರೈಟ್ ಮಾಡಿಸಬಹುದೇ?

ಗುಂಗುರು ಕೂದಲು ಆರೈಕೆಯ ಕೊರತೆಯಿಂದ ಬರುವುದಲ್ಲ. ಕೂದಲು ನೇರವೋ ಗುಂಗುರೋ ಎಂಬುದನ್ನು ಫಾಲಿಕಲ್‌ನ ಆಕಾರ ನಿರ್ಧರಿಸುತ್ತದೆ, ಆ ಆಕಾರ ವಂಶವಾಹಿಗಳಿಂದ ಬರುತ್ತದೆ. ನೆತ್ತಿಯ ಜಿಡ್ಡು ಸುರುಳಿಯ ಉದ್ದಕ್ಕೂ ಇಳಿಯುವುದು ಕಷ್ಟವಾದ್ದರಿಂದ ಗುಂಗುರು ಕೂದಲು ಬೇಗ ಒಣಗುತ್ತದೆ. ಕಂಡಿಷನರ್ ಹಾಕಿ, ಅಗಲ ಹಲ್ಲಿನ ಬಾಚಣಿಗೆಯಿಂದ ತುದಿಯಿಂದ ಮೇಲಕ್ಕೆ ಬಿಡಿಸುತ್ತಾ ಹೋದರೆ ತುಂಡಾಗುವುದು ಕಡಿಮೆ.

ಪಾರ್ಲರ್‌ಗಳಲ್ಲಿ ಕೂದಲು ನೇರ ಮಾಡುವ ಕೆಲವು ಉತ್ಪನ್ನಗಳು ಬಿಸಿ ಮಾಡಿದಾಗ ಫಾರ್ಮಾಲ್ಡಿಹೈಡ್ ಅನಿಲ ಬಿಡುತ್ತವೆ. ಇದನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿದೆ. ಅದರ ಬದಲಿಗೆ ಬಂದಿರುವ ಗ್ಲೈಆಕ್ಸಿಲಿಕ್ ಆಮ್ಲದ ಉತ್ಪನ್ನಗಳನ್ನು ಬಳಸಿದ ಕೆಲವರಿಗೆ ಮೂತ್ರಪಿಂಡಕ್ಕೆ ಹಾನಿಯಾದ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ವರದಿಯಾಗಿವೆ. ಡಬ್ಬಿಯ ಮೇಲಿನ ಪದಾರ್ಥಗಳ ಪಟ್ಟಿಯನ್ನು ಕೇಳಿ ಓದಿ. ಇಷ್ಟು ಮಾಡಿಸಿದರೂ ಬುಡದಿಂದ ಬರುವ ಹೊಸ ಕೂದಲು ಗುಂಗುರಾಗಿಯೇ ಬರುತ್ತದೆ.

ಬಿಳಿ ಕೂದಲು, ಉಗುರು ಉಜ್ಜುವುದು, ಕಪ್ಪು ಮೆಹಂದಿ

ಬುಡದಲ್ಲಿ ಬಣ್ಣ ತಯಾರಿಸುವ ಕಣಗಳು ಕಡಿಮೆಯಾದಾಗ ಕೂದಲು ಬೆಳ್ಳಗಾಗುತ್ತದೆ. ಇದು ಹೆಚ್ಚಾಗಿ ವಂಶದಿಂದ ಬರುತ್ತದೆ. ಚಿಕ್ಕ ವಯಸ್ಸಿಗೇ ಬೇಗ ಬೇಗ ನೆರೆಯುತ್ತಿದ್ದರೆ ಬಿ12 ಮತ್ತು ಥೈರಾಯ್ಡ್ ಪರೀಕ್ಷೆ ಮಾಡಿಸಬಹುದು. ಒಂದು ಬಿಳಿ ಕೂದಲು ಕಿತ್ತರೆ ಹತ್ತು ಬರುವುದಿಲ್ಲ, ಆ ಬುಡದಿಂದ ಮತ್ತೊಂದು ಬಿಳಿ ಕೂದಲು ಬರುತ್ತದೆ. ಉಗುರು ಉಜ್ಜಿದರೆ ಕೂದಲು ಕಪ್ಪಾಗುತ್ತದೆ ಎನ್ನಲು ಪುರಾವೆ ಇಲ್ಲ. ಉಗುರಿಗೂ ಕೂದಲ ಬುಡಕ್ಕೂ ಸೇರುವ ನರ ಯಾವುದೂ ಇಲ್ಲ.

ಶುದ್ಧ ಮೆಹಂದಿ ಕೊಡುವ ಬಣ್ಣ ಕೆಂಪು ಕಂದು. "ನೈಸರ್ಗಿಕ ಕಪ್ಪು ಮೆಹಂದಿ" ಎಂದು ಮಾರುವುದರಲ್ಲಿ ಪಿಪಿಡಿ ಎಂಬ ರಾಸಾಯನಿಕ ಇರುವುದು ಸಾಮಾನ್ಯ. ಇದು ಕೆಲವರಿಗೆ ತೀವ್ರ ಅಲರ್ಜಿ ತರುತ್ತದೆ, ಮುಖ, ಕಣ್ಣು ಊದಿಕೊಳ್ಳಬಹುದು. "ಅಮೋನಿಯಾ ಇಲ್ಲ" ಎಂದು ಬರೆದಿದ್ದರೆ ಪಿಪಿಡಿಯೂ ಇಲ್ಲ ಎಂದಲ್ಲ. ಹಿಂದೆ ಹಚ್ಚಿದಾಗ ಏನೂ ಆಗದವರಿಗೂ ಮುಂದೆ ಅಲರ್ಜಿ ಬರಬಹುದು. ಪ್ರತಿ ಬಾರಿಯೂ ಕಿವಿಯ ಹಿಂದೆ ಸ್ವಲ್ಪ ಹಚ್ಚಿ 48 ಗಂಟೆ ಕಾದು ನೋಡಿ.

ಬೋಳುತನ ತಾಯಿಯ ತಂದೆಯಿಂದ ಬರುತ್ತದೆಯೇ?

ಅರ್ಧ ಸತ್ಯ. ಇದಕ್ಕೆ ಸಂಬಂಧಿಸಿದ ಒಂದು ಮುಖ್ಯ ವಂಶವಾಹಿ ತಾಯಿಯಿಂದ ಬರುವ ಎಕ್ಸ್ ಕ್ರೋಮೋಸೋಮ್‌ನಲ್ಲಿದೆ. ಆದರೆ ಬೇರೆ ಹಲವು ವಂಶವಾಹಿಗಳು ತಂದೆಯ ಕಡೆಯಿಂದಲೂ ಬರುತ್ತವೆ. ಹೆಲ್ಮೆಟ್ ಹಾಕುವುದರಿಂದ ಈ ಬೋಳುತನ ಬರುವುದಿಲ್ಲ. ಕೂದಲಿಗೆ ಹೆದರಿ ಹೆಲ್ಮೆಟ್ ಬಿಡಬೇಡಿ.

ಈ ಬಗೆಯ ಕೂದಲು ನಷ್ಟಕ್ಕೆ ಪುರಾವೆ ಇರುವ ಔಷಧಗಳಿವೆ. ಮಿನಾಕ್ಸಿಡಿಲ್ ಮೊದಲು ರಕ್ತದೊತ್ತಡದ ಮಾತ್ರೆಯಾಗಿತ್ತು. ನುಂಗಿದವರ ಮೈಮೇಲೆ ಕೂದಲು ಬೆಳೆದದ್ದನ್ನು ಕಂಡು ಹಚ್ಚುವ ಔಷಧವಾಗಿಸಿದರು. ಅಮೆರಿಕದಲ್ಲಿ 1988ರಲ್ಲಿ ಇದಕ್ಕೆ ಅನುಮತಿ ಸಿಕ್ಕಿತು. ಶುರುವಿನ ವಾರಗಳಲ್ಲಿ ಉದುರುವುದು ಹೆಚ್ಚಾಗಬಹುದು. ಫಲ ಕಾಣಲು ನಾಲ್ಕರಿಂದ ಆರು ತಿಂಗಳು ಬೇಕು. ನಿಲ್ಲಿಸಿದರೆ ಬಂದ ಕೂದಲು ಹೋಗುತ್ತದೆ. ಪುರುಷರಿಗೆ ಕೊಡುವ ಫಿನಾಸ್ಟರೈಡ್ ಮಾತ್ರೆಯನ್ನು ಗರ್ಭಿಣಿಯರು ತೆಗೆದುಕೊಳ್ಳಲೇಬಾರದು. ಇವೆರಡನ್ನೂ ವೈದ್ಯರನ್ನು ಕೇಳದೆ ಶುರು ಮಾಡಬೇಡಿ.

ಬಯೋಟಿನ್ ಮಾತ್ರೆ ತಿಂದರೆ ತಪ್ಪೇನು?

ವಯಸ್ಕರಿಗೆ ದಿನಕ್ಕೆ ಬೇಕಿರುವ ಬಯೋಟಿನ್ ಸುಮಾರು 30 ಮೈಕ್ರೋಗ್ರಾಂ. ಸಾಮಾನ್ಯ ಊಟದಲ್ಲಿ ಅದು ಸಿಗುತ್ತದೆ, ಕೊರತೆ ಅಪರೂಪ. ಕೂದಲಿಗೆಂದು ಮಾರುವ ಎಷ್ಟೋ ಮಾತ್ರೆಗಳಲ್ಲಿ 5,000ದಿಂದ 10,000 ಮೈಕ್ರೋಗ್ರಾಂ ಇರುತ್ತದೆ. ಇಷ್ಟು ಬಯೋಟಿನ್ ರಕ್ತದಲ್ಲಿದ್ದರೆ ಥೈರಾಯ್ಡ್ ಪರೀಕ್ಷೆ ಮತ್ತು ಹೃದಯಾಘಾತ ಪತ್ತೆಗೆ ಮಾಡುವ ಟ್ರೋಪೊನಿನ್ ಪರೀಕ್ಷೆಯ ಫಲಿತಾಂಶ ತಪ್ಪಾಗಬಹುದು ಎಂದು ಅಮೆರಿಕದ ಎಫ್‌ಡಿಎ 2017ರಲ್ಲಿ ಎಚ್ಚರಿಸಿತು. ಈ ಮಾತ್ರೆ ತಿನ್ನುತ್ತಿದ್ದರೆ ರಕ್ತ ಕೊಡುವ ಮೊದಲು ವೈದ್ಯರಿಗೆ ತಪ್ಪದೆ ಹೇಳಿ.

ನಮ್ಮಲ್ಲಿ ನಿಜಕ್ಕೂ ಸಾಮಾನ್ಯವಾಗಿರುವ ಕೊರತೆ ಕಬ್ಬಿಣದ್ದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಸುಮಾರು ಶೇ 48ರಷ್ಟು ಮಂದಿಗೆ ರಕ್ತಹೀನತೆ ಇದೆ. ಮುಟ್ಟಿನಲ್ಲಿ ಹೆಚ್ಚು ರಕ್ತ ಹೋಗುವವರ ಕೂದಲು ಉದುರುತ್ತಿದ್ದರೆ ಎಣ್ಣೆ ಬದಲಿಸುವ ಮೊದಲು ಹಿಮೋಗ್ಲೋಬಿನ್, ಫೆರಿಟಿನ್ ನೋಡಿಸುವುದು ಒಳ್ಳೆಯದು. ಸುಸ್ತು, ಉಬ್ಬಸ ಎಲ್ಲದಕ್ಕೂ ಅದೇ ಕಾರಣವಿರಬಹುದು.

ಕಾಯದೆ ವೈದ್ಯರ ಬಳಿ ಹೋಗಬೇಕಾದದ್ದು ಯಾವಾಗ?

- ನಾಣ್ಯದಾಕಾರದಲ್ಲಿ ಅಲ್ಲಲ್ಲಿ ಬೋಳಾದರೆ. "ಹುಳ ತಿಂದಿದೆ" ಎಂದು ಉಜ್ಜುತ್ತಾ ಕೂರಬೇಡಿ.
- ಮಗುವಿನ ತಲೆಯಲ್ಲಿ ತುರಿಕೆ, ಹೊಪ್ಪಳೆ, ಕೀವು ಇದ್ದು ಕೂದಲು ತುಂಡಾಗುತ್ತಿದ್ದರೆ. ಇದು ಹುಳುಕಡ್ಡಿ ಇರಬಹುದು. ಇದಕ್ಕೆ ಬಾಯಿಯ ಮೂಲಕ ಕೊಡುವ ಔಷಧವೇ ಬೇಕು. ತಡವಾದರೆ ಆ ಜಾಗದಲ್ಲಿ ಮತ್ತೆಂದೂ ಕೂದಲು ಬರದಿರಬಹುದು.
- ಬೋಳಾದ ಜಾಗದ ಚರ್ಮ ನುಣುಪಾಗಿ ಹೊಳೆಯುತ್ತಿದ್ದರೆ, ಕೆಂಪಾಗಿ ಉರಿಯುತ್ತಿದ್ದರೆ. ಬುಡವೇ ಗಾಯವಾಗಿ ಮುಚ್ಚಿಹೋಗುವ ರೋಗಗಳಿವೆ, ಅವುಗಳಲ್ಲಿ ಕಳೆದ ಕೂದಲು ಮರಳುವುದಿಲ್ಲ.
- ಕೂದಲು ಉದುರುವುದರ ಜತೆ ಮುಟ್ಟಿನ ಏರುಪೇರು, ಮುಖದಲ್ಲಿ ಕೂದಲು, ತೂಕದಲ್ಲಿ ದಿಢೀರ್ ವ್ಯತ್ಯಾಸ ಇದ್ದರೆ.
- ಬಿಗಿಯಾಗಿ ಜಡೆ, ಜುಟ್ಟು ಹಾಕುವವರ ಹಣೆಯಂಚಿನ ಕೂದಲು ಹಿಂದೆ ಸರಿಯುತ್ತಿದ್ದರೆ. ಇವತ್ತಿನಿಂದಲೇ ಸಡಿಲ ಮಾಡಿ. ವರ್ಷಗಟ್ಟಲೆ ಎಳೆದರೆ ಬುಡ ಶಾಶ್ವತವಾಗಿ ಹಾಳಾಗುತ್ತದೆ.
- ಆರು ತಿಂಗಳಾದರೂ ಉದುರುವುದು ನಿಲ್ಲದಿದ್ದರೆ.

ತೋರಿಸಬೇಕಾದದ್ದು ಚರ್ಮರೋಗ ತಜ್ಞರಿಗೆ. ಜಿಲ್ಲಾಸ್ಪತ್ರೆ, ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿ ಈ ವಿಭಾಗ ಇರುತ್ತದೆ. "ಉಚಿತ ಕೂದಲು ಪರೀಕ್ಷೆ" ಎಂದು ಕರೆದು ಪ್ಯಾಕೇಜ್ ಮಾರುವ ಕಡೆ ಹೋಗುವ ಮೊದಲು ಅಲ್ಲಿ ಇರುವವರು ವೈದ್ಯರೇ ಎಂದು ಕೇಳಿ.

ಫಾರ್ವರ್ಡ್ ಮಾಡುವ ಮುನ್ನ ಮೂರು ಪ್ರಶ್ನೆ

ಕೂದಲಿನ ಮದ್ದಿನ ಸಂದೇಶ ಬಂದಾಗ ಇಷ್ಟು ಕೇಳಿಕೊಳ್ಳಿ. ಯಾವ ಬಗೆಯ ಕೂದಲು ನಷ್ಟಕ್ಕೆ ಇದು ಎಂದು ಹೇಳಿದ್ದಾರೆಯೇ? ಮದ್ದು ಹಚ್ಚದವರಿಗೆ ಅಷ್ಟೇ ಸಮಯದಲ್ಲಿ ಏನಾಯಿತು ಎಂದು ಹೇಳಿದ್ದಾರೆಯೇ? 15 ದಿನ, 30 ದಿನದಲ್ಲಿ ಉದ್ದ ಕೂದಲು ತೋರಿಸಿದ್ದಾರೆಯೇ? ತಿಂಗಳಿಗೆ 1 ಸೆಂಟಿಮೀಟರ್ ಬೆಳೆಯುವ ಕೂದಲು 15 ದಿನದಲ್ಲಿ ಹೆಗಲು ಮುಟ್ಟುವುದಿಲ್ಲ, ಆ ಫೋಟೊಗಳ ಮೇಲೆ ಅನುಮಾನ ಪಡಿ.

ಎಣ್ಣೆ ಹಚ್ಚಿ ಅಜ್ಜಿ ತಲೆ ತಿಕ್ಕಿಕೊಡುವ ಸುಖವನ್ನು ಯಾರೂ ಬಿಡಬೇಕಾಗಿಲ್ಲ. ಆದರೆ ಮೂರು ತಿಂಗಳು ರಸ ಹಚ್ಚುತ್ತಾ ಕಳೆಯುವ ಹೊತ್ತಿಗೆ ಮಗುವಿನ ಹುಳುಕಡ್ಡಿ ಹರಡಬಹುದು, ಅಕ್ಕನ ರಕ್ತಹೀನತೆ ಹೆಚ್ಚಾಗಬಹುದು. ನಿಮ್ಮ ಗ್ರೂಪ್‌ನಲ್ಲಿ ಯಾರಾದರೂ "ಕೂದಲು ತುಂಬ ಉದುರ್ತಿದೆ, ಏನು ಹಚ್ಚಲಿ?" ಎಂದು ಕೇಳಿದರೆ, "ಮೂರು ತಿಂಗಳ ಹಿಂದೆ ಜ್ವರ ಏನಾದರೂ ಬಂದಿತ್ತಾ? ರಕ್ತ ಪರೀಕ್ಷೆ ಮಾಡಿಸಿದ್ದೀರಾ?" ಎಂದು ಕೇಳಿ ನೋಡಿ.